ತೋಳಿನ ಹಿಂಭಾಗದ ಕೊಬ್ಬು 7 ದಿನದಲ್ಲಿ ಕರಗುತ್ತದೆಯೇ? ಟ್ರೈಸೆಪ್ಸ್ ಸ್ನಾಯುವಿನ ಅಸಲಿ ಕೆಲಸವೇನು?

‘ತೋಳಿನ ಹಿಂದೆ ಜೋತು ಬಿದ್ದ ಕೊಬ್ಬಿಗೆ ಇಂದೇ ಗುಡ್‌ಬೈ ಹೇಳಿ! ಜಿಮ್ ಬೇಡ, ಪಥ್ಯ ಬೇಡ. ದಿನಕ್ಕೆ ಐದೇ ನಿಮಿಷ ಈ ವ್ಯಾಯಾಮ ಮಾಡಿ, 7 ದಿನದಲ್ಲಿ ವ್ಯತ್ಯಾಸ ನೋಡಿ. ನಿಮ್ಮ ಅಕ್ಕತಂಗಿಯರಿಗೂ ಕಳಿಸಿ.’

ಹೀಗೊಂದು ಸಂದೇಶವೋ ರೀಲ್ಸೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಜೊತೆಗೆ ಎರಡು ಫೋಟೊ ಇರುತ್ತವೆ. ಮೊದಲನೆಯದರಲ್ಲಿ ದಪ್ಪ ತೋಳು, ಎರಡನೆಯದರಲ್ಲಿ ತೆಳ್ಳಗಿನ ಗಟ್ಟಿ ತೋಳು. ಮದುವೆಗೆಂದು ಸ್ಲೀವ್‌ಲೆಸ್ ರವಿಕೆ ಹೊಲಿಸಿಟ್ಟವರಿಗೆ ಇದನ್ನು ನಂಬಲು ಕ್ಷಣ ಸಾಕು.

ಈ ಸಂದೇಶಗಳಲ್ಲಿ ಅರ್ಧ ಸತ್ಯವಿದೆ. ತೋರಿಸುವ ವ್ಯಾಯಾಮ ಬಹುತೇಕ ಸಲ ಒಳ್ಳೆಯದೇ. ಅದು ಕೆಲಸ ಕೊಡುವುದು ಟ್ರೈಸೆಪ್ಸ್ ಎಂಬ ಸ್ನಾಯುವಿಗೆ. ಆದರೆ ಅದರಿಂದ ಸಿಗುವ ಫಲವನ್ನು ತಪ್ಪಾಗಿ ಹೇಳುತ್ತವೆ. ಈ ಸ್ನಾಯು ಇರುವುದು ನಮ್ಮ ಮೈಭಾರವನ್ನು ನಾವೇ ಎತ್ತಿಕೊಳ್ಳಲು ಎಂಬ ಮುಖ್ಯ ವಿಷಯವನ್ನು ಹೇಳುವುದೇ ಇಲ್ಲ. ಕುರ್ಚಿಯಿಂದ ಏಳಲು ಕಷ್ಟಪಡುವ ಅಜ್ಜಿಗೆ, ವಾಕರ್ ಹಿಡಿದು ನಡೆಯುವ ಅಪ್ಪನಿಗೆ ಇದು ಅಂದದ ವಿಷಯವಲ್ಲ, ದಿನದ ಬದುಕಿನ ವಿಷಯ. ಹಾಗಾಗಿ ಫಾರ್ವರ್ಡ್‌ನ ನಿಜ ಸುಳ್ಳು ನೋಡುವ ಮೊದಲು ಈ ಸ್ನಾಯುವನ್ನೇ ಸ್ವಲ್ಪ ಪರಿಚಯ ಮಾಡಿಕೊಳ್ಳೋಣ.

ಮೊದಲು ನಿಮ್ಮ ತೋಳು ಮುಟ್ಟಿ ನೋಡಿ

ಒಂದು ಸಣ್ಣ ಪ್ರಯೋಗ. ಫೋನ್ ಪಕ್ಕಕ್ಕಿಟ್ಟು ಮೇಜಿನ ಮುಂದೆ ಕುಳಿತುಕೊಳ್ಳಿ. ಬಲ ಅಂಗೈಯನ್ನು ಮೇಜಿನ ಮೇಲಿಟ್ಟು ಕೆಳಕ್ಕೆ ಒತ್ತಿ. ಒತ್ತುತ್ತಿರುವಾಗಲೇ ಎಡಗೈಯಿಂದ ಬಲತೋಳಿನ ಹಿಂಭಾಗ ಮುಟ್ಟಿ. ಗಟ್ಟಿಯಾಗಿದೆ ಅಲ್ಲವೇ? ಅದೇ ಟ್ರೈಸೆಪ್ಸ್.

ಈಗ ಅಂಗೈಯನ್ನು ಮೇಜಿನ ಕೆಳಗಿಟ್ಟು ಮೇಲಕ್ಕೆ ಎತ್ತುವಂತೆ ಒತ್ತಿ. ಈ ಸಲ ಹಿಂಭಾಗ ಸಡಿಲವಾಗಿ ಮುಂಭಾಗ ಗಟ್ಟಿಯಾಗುತ್ತದೆ. ಅದು ಬೈಸೆಪ್ಸ್. ‘ತೋಳಿನ ಶಕ್ತಿ ತೋರಿಸು’ ಎಂದರೆ ಮಕ್ಕಳು ಮಡಚಿ ಉಬ್ಬಿಸಿ ತೋರಿಸುವುದು ಇದನ್ನೇ.

ಇಷ್ಟರಲ್ಲೇ ವಿಷಯ ಅರ್ಧ ಅರ್ಥವಾದಂತೆ. ಮೊಣಕೈಯನ್ನು ಮಡಚುವುದರಲ್ಲಿ ಬೈಸೆಪ್ಸ್ ಮತ್ತು ಅದರ ಜೊತೆಗಾರ ಸ್ನಾಯುಗಳಿವೆ. ಮಡಚಿದ್ದನ್ನು ನೆಟ್ಟಗೆ ಮಾಡುವುದು ಟ್ರೈಸೆಪ್ಸ್. ನಮ್ಮ ಕಡೆಗೆ ಎಳೆದುಕೊಳ್ಳುವಾಗ ಮುಂದಿನದು, ನಮ್ಮಿಂದ ದೂರಕ್ಕೆ ತಳ್ಳುವಾಗ ಹಿಂದಿನದು ದುಡಿಯುತ್ತದೆ.

ಸ್ನಾಯು ತಳ್ಳುವುದಿಲ್ಲ, ಎಳೆಯುತ್ತದೆ. ದೇಹದ ಯಾವ ಸ್ನಾಯುವಿಗೂ ತಳ್ಳಲು ಬಾರದು, ಕುಗ್ಗಿ ಎಳೆಯಲು ಮಾತ್ರ ಗೊತ್ತು. ಬಾಗಿಲನ್ನು ತಳ್ಳುವಾಗಲೂ ಒಳಗೆ ನಡೆಯುವುದು ಎಳೆತವೇ. ಅದಕ್ಕೇ ಮೊಣಕೈಯ ಮುಂದೊಂದು ಹಿಂದೊಂದು ಸ್ನಾಯು ಬೇಕಾಯಿತು. ಒಂದು ಎಳೆದಾಗ ಇನ್ನೊಂದು ಸಡಿಲ ಬಿಡಬೇಕು.

ಮೂರು ತಲೆಯ ಸ್ನಾಯು

ಟ್ರೈಸೆಪ್ಸ್ ಎಂಬ ಲ್ಯಾಟಿನ್ ಹೆಸರಿನ ಅರ್ಥ ‘ಮೂರು ತಲೆಯದು’. ತಲೆ ಎಂದರೆ ಸ್ನಾಯು ಮೂಳೆಯಿಂದ ಶುರುವಾಗುವ ಜಾಗ. ಮೂರು ಕಡೆ ಹುಟ್ಟಿ ಒಂದೇ ಕಡೆ ಸೇರುವ ಸ್ನಾಯು ಇದು.

ಉದ್ದ ತಲೆ: ಇದು ತೋಳಿನ ಮೂಳೆಯಲ್ಲಿ ಹುಟ್ಟುವುದೇ ಇಲ್ಲ. ಬೆನ್ನಿನ ಮೇಲ್ಭಾಗದಲ್ಲಿರುವ ಹಲಗೆಯಂಥ ಹೆಗಲ ಮೂಳೆಯಲ್ಲಿ, ಭುಜದ ಕೀಲಿನ ಕುಳಿಯ ಸ್ವಲ್ಪ ಕೆಳಗೆ ಶುರುವಾಗುತ್ತದೆ. ಹಾಗಾಗಿ ಭುಜ ಮತ್ತು ಮೊಣಕೈ ಎಂಬ ಎರಡು ಕೀಲುಗಳನ್ನು ದಾಟುವುದು ಇದೊಂದೇ. ಮುಂದೆ ಚಾಚಿದ ತೋಳನ್ನು ಹಿಂದಕ್ಕೆ ತರಲು, ಮೈಗೆ ಒತ್ತಿ ಹಿಡಿಯಲು ಸಹ ನೆರವಾಗುತ್ತದೆ.

ಹೊರ ತಲೆ: ತೋಳಿನ ಮೂಳೆಯ ಹಿಂಬದಿಯ ಮೇಲ್ಭಾಗದಿಂದ ಬರುತ್ತದೆ. ಪೈಲ್ವಾನರ ತೋಳಿನ ಹಿಂಭಾಗದಲ್ಲಿ ಕುದುರೆ ಲಾಳದಂಥ ಆಕಾರ ಕಾಣುತ್ತದಲ್ಲ, ಅದರ ಹೊರಗಿನ ಬದಿ ಇದು. ಒಳಗಿನ ಬದಿ ಉದ್ದ ತಲೆಯದು.

ಒಳ ತಲೆ: ಇದು ಉಳಿದೆರಡರ ಅಡಿಯಲ್ಲಿ ಅಡಗಿ ಕೂತಿದೆ. ಹೊರಗೆ ಹೆಚ್ಚು ಕಾಣುವುದಿಲ್ಲ. ಆದರೆ ಮೊಣಕೈ ನೆಟ್ಟಗೆ ಮಾಡುವ ಕೆಲಸ ಚಿಕ್ಕದಿರಲಿ ದೊಡ್ಡದಿರಲಿ, ಇದು ಹಾಜರು. ಭಾರ ಹೆಚ್ಚಾದಾಗ ಉಳಿದೆರಡೂ ಜೋರಾಗಿ ಕೈಜೋಡಿಸುತ್ತವೆ.

ಮೂರೂ ಕೆಳಗಿಳಿದು ಒಂದೇ ಗಟ್ಟಿ ಸ್ನಾಯುರಜ್ಜುವಾಗಿ ಮೊಣಕೈಯ ತುದಿಗೆ ಅಂಟಿಕೊಳ್ಳುತ್ತವೆ. ಮೇಜಿನ ಮೇಲೆ ಮೊಣಕೈ ಊರಿದಾಗ ಚುಚ್ಚುವ ಗಟ್ಟಿ ಮೂಳೆ ಇದೆಯಲ್ಲ, ಅದೇ ಆ ತುದಿ. ಅದು ಮುಂಗೈಯ ಎರಡು ಮೂಳೆಗಳಲ್ಲಿ ಒಂದಾದ ಅಲ್ನಾದ ಮೇಲಿನ ಕೊನೆ.

ಬೈಸೆಪ್ಸ್‌ಗೆ ಹೆಸರು, ಟ್ರೈಸೆಪ್ಸ್‌ಗೆ ದುಡಿಮೆ

‘ದಪ್ಪ ತೋಳು ಬೇಕೆಂದರೆ ಬೈಸೆಪ್ಸ್ ಬೆಳೆಸಿ’ ಎಂಬುದು ಜಿಮ್‌ಗೆ ಹೊಸದಾಗಿ ಸೇರಿದ ಹುಡುಗರ ನಂಬಿಕೆ. ಗಾತ್ರದಲ್ಲಿ ನೋಡಿದರೆ ಲೆಕ್ಕ ಬೇರೆ. ಆರೋಗ್ಯವಂತರ ತೋಳುಗಳ ಎಂಆರ್‌ಐ ಅಳತೆಗಳಲ್ಲಿ ಟ್ರೈಸೆಪ್ಸ್ ಬೈಸೆಪ್ಸ್‌ಗಿಂತ ಎರಡು ಪಟ್ಟಿಗೂ ಹೆಚ್ಚು ದೊಡ್ಡದಿರುವುದು ಕಂಡುಬಂದಿದೆ. ಇದನ್ನೇ ಸ್ವಲ್ಪ ಹಿಗ್ಗಿಸಿ ‘ತೋಳಿನ ಮೂರನೇ ಎರಡು ಭಾಗ ಟ್ರೈಸೆಪ್ಸ್’ ಎಂದು ಜಿಮ್‌ಗಳಲ್ಲಿ ಹೇಳುವುದುಂಟು. ಬೈಸೆಪ್ಸ್‌ನ ಅಡಿಯಲ್ಲಿರುವ ಇತರ ಸ್ನಾಯುಗಳನ್ನೂ ಸೇರಿಸಿ ನೋಡಿದರೆ ಪಾಲು ಅರ್ಧಕ್ಕಿಂತ ತುಸು ಹೆಚ್ಚು ಎನ್ನುವುದು ಸರಿ.

ಅಷ್ಟು ದೊಡ್ಡ ಸ್ನಾಯು ಯಾಕೆ ಬೇಕಾಯಿತು? ಉತ್ತರಕ್ಕೆ ಹಳ್ಳಿಯ ಏತವನ್ನು ನೆನಪಿಸಿಕೊಳ್ಳಿ. ಬಾವಿಯಿಂದ ನೀರೆತ್ತುವ ಏತದಲ್ಲಿ ನಡುವೆ ಒಂದು ಆಧಾರ, ಒಂದು ತುದಿಯಲ್ಲಿ ನೀರಿನ ಭಾರ, ಇನ್ನೊಂದು ತುದಿಯಲ್ಲಿ ಅದನ್ನು ಎತ್ತುವ ಬಲ. ಮೊಣಕೈಯೂ ಹೀಗೇ. ಕೀಲು ಆಧಾರ, ಅಂಗೈ ಒಂದು ತುದಿ, ಮೊಣಕೈಯ ಹಿಂದಿನ ಮೂಳೆ ಇನ್ನೊಂದು ತುದಿ. ಆದರೆ ನಮ್ಮ ಏತದ ಹಿಂದಿನ ತುದಿ ತೀರಾ ಗಿಡ್ಡ. ಕೀಲಿನಿಂದ ಅಂಗೈಗೆ ಸುಮಾರು 30 ಸೆಂ.ಮೀ. ದೂರವಿದ್ದರೆ, ಟ್ರೈಸೆಪ್ಸ್ ಎಳೆಯುವ ಜಾಗಕ್ಕೆ ಸುಮಾರು ಎರಡೂವರೆ ಸೆಂ.ಮೀ. ಅಷ್ಟೇ.

ಅಂದರೆ ಅಂಗೈಯಿಂದ 5 ಕೆ.ಜಿ.ಯಷ್ಟು ಬಲ ಹಾಕಿ ಒತ್ತಬೇಕಾದರೆ ಟ್ರೈಸೆಪ್ಸ್ ಸುಮಾರು 60 ಕೆ.ಜಿ.ಯಷ್ಟು ಬಲದಿಂದ ಎಳೆಯಬೇಕು. ಬಲದಲ್ಲಿ ಇದು ನಷ್ಟದ ವ್ಯಾಪಾರ. ಬದಲಿಗೆ ವೇಗ ಸಿಗುತ್ತದೆ. ಸ್ನಾಯು ಒಂದು ಬೆರಳಗಲ ಕುಗ್ಗಿದರೆ ಅಂಗೈ ಗೇಣುದ್ದಕ್ಕೂ ಹೆಚ್ಚು ದೂರ ಹಾರುತ್ತದೆ. ಕಲ್ಲು ಎಸೆಯುವುದು, ವಾಲಿಬಾಲ್ ಹೊಡೆಯುವುದು ಸಾಧ್ಯವಾಗುವುದರಲ್ಲಿ ಇದರ ಪಾಲಿದೆ. ಬಾಗಿದ ಮೊಣಕೈ ನೆಟ್ಟಗಾಗುವಾಗ ಸಿಗುವ ಈ ಲಾಭ ಎಷ್ಟು ದೊಡ್ಡದೆಂದರೆ ಕ್ರಿಕೆಟ್‌ನಲ್ಲಿ ಅದಕ್ಕೆ ನಿಯಮವೇ ಇದೆ. ಬೌಲಿಂಗ್ ಮಾಡುವಾಗ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾದರೆ ಐಸಿಸಿ ನಿಯಮದ ಪ್ರಕಾರ ಅದು ಅಕ್ರಮ ಬೌಲಿಂಗ್ ಶೈಲಿ.

ಆಟಗಾರರಲ್ಲದ ನಮಗೂ ಇದು ದಿನವಿಡೀ ಬೇಕು. ಲಟ್ಟಣಿಗೆ ಒತ್ತಿ ಚಪಾತಿ ಲಟ್ಟಿಸುವಾಗ, ಮುದ್ದೆ ಕೋಲಿನಿಂದ ಹಿಟ್ಟು ಒತ್ತಿ ತಿರುವುವಾಗ, ಕೆಟ್ಟುನಿಂತ ಸ್ಕೂಟರ್ ತಳ್ಳುವಾಗ, ಅಟ್ಟದ ಮೇಲೆ ಡಬ್ಬ ಇಡುವಾಗ, ನೆಲಕ್ಕೆ ಕೈಯೂರಿ ಏಳುವಾಗ ದುಡಿಯುವುದು ಟ್ರೈಸೆಪ್ಸ್. ಗರಡಿಮನೆಯಲ್ಲಿ ದಂಡ ಹೊಡೆಯುವವರು ಎದೆ, ಭುಜಗಳ ಜೊತೆಗೆ ಪ್ರತಿ ಸಲವೂ ಇದನ್ನೇ ಪಳಗಿಸುತ್ತಾರೆ.

ಹಾಗಾದರೆ ಜೋತು ಬೀಳುವುದು ಏನು?

ಈಗ ಫಾರ್ವರ್ಡ್‌ಗೆ ಬರೋಣ. ತೋಳಿನ ಹಿಂಭಾಗವನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದರೆ ಕೈಗೆ ಸಿಗುವುದು ಚರ್ಮ ಮತ್ತು ಅದರಡಿಯ ಕೊಬ್ಬು. ಸ್ನಾಯು ಅದರ ಕೆಳಗಿದೆ. ಈ ಮೂರೂ ಬೇರೆ ಬೇರೆ ಪದರಗಳು, ಒಂದರ ಕೆಳಗೊಂದು ಇವೆ.

ಆ ಕೊಬ್ಬಿನ ಪದರ ವೈದ್ಯರಿಗೂ ಪರಿಚಿತ. ದೇಹದ ಪೋಷಣೆ ತಿಳಿಯಲು ಟ್ರೈಸೆಪ್ಸ್ ಮೇಲಿನ ಚರ್ಮದ ಮಡಿಕೆಯ ದಪ್ಪವನ್ನು ಅಳೆಯುತ್ತಾರೆ. ಅಂಗನವಾಡಿಯಲ್ಲಿ ಪುಟ್ಟ ಮಕ್ಕಳ ತೋಳಿಗೆ ಬಣ್ಣದ ಟೇಪ್ ಸುತ್ತಿ ನೋಡುವುದು ಸಹ ಇದೇ ಕಾರಣಕ್ಕೆ. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆಯ ಲಕ್ಷಣ. ಇನ್ಸುಲಿನ್ ಚುಚ್ಚಿಕೊಳ್ಳುವ ಜಾಗಗಳಲ್ಲೂ ತೋಳಿನ ಹಿಂಭಾಗದ ಈ ಕೊಬ್ಬು ಒಂದು. ಅದು ಕೊಬ್ಬಿಗೇ ಹೋಗಬೇಕು. ಸ್ನಾಯುವಿಗೆ ಹೋದರೆ ಇನ್ಸುಲಿನ್ ಬೇಗ ರಕ್ತಕ್ಕೆ ಸೇರಿ ಸಕ್ಕರೆ ಅಂಶ ದಿಢೀರನೆ ಇಳಿಯಬಹುದು. ಅಂದರೆ ಎರಡೂ ಪದರಗಳ ಸ್ವಭಾವ ಪೂರ್ತಿ ಬೇರೆ.

ವಯಸ್ಸಾದಂತೆ ಇಲ್ಲಿ ಮೂರು ಬದಲಾವಣೆ ಒಟ್ಟಿಗೆ ನಡೆಯುತ್ತವೆ. ಚರ್ಮದ ಬಿಗಿ ಕಡಿಮೆಯಾಗುತ್ತದೆ. ಸ್ನಾಯು ಸೊರಗುತ್ತದೆ. ಕೊಬ್ಬು ಹೆಚ್ಚಾಗಬಹುದು. ಒಮ್ಮೆಲೇ ತುಂಬಾ ತೂಕ ಇಳಿಸಿದವರಲ್ಲೂ ಚರ್ಮ ಸಡಿಲವಾಗಿ ಜೋಲುತ್ತದೆ. ಎಲ್ಲಿ ಎಷ್ಟು ಕೊಬ್ಬು ಕೂರಬೇಕು ಎಂಬುದರಲ್ಲಿ ವಂಶವಾಹಿ ಮತ್ತು ಹಾರ್ಮೋನುಗಳ ಪಾತ್ರ ದೊಡ್ಡದು. ತೋಳು ಜೋತು ಬಿದ್ದಿದೆ ಎಂದರೆ ಸೋಮಾರಿತನ ಎಂದರ್ಥವಲ್ಲ.

ಪ್ರತಿಪಾದನೆ 1: ತೋಳಿನ ವ್ಯಾಯಾಮದಿಂದ ತೋಳಿನ ಕೊಬ್ಬು ಮಾತ್ರ ಕರಗುತ್ತದೆ

ಇದು ನಿಜವಲ್ಲ. ಟ್ರೈಸೆಪ್ಸ್ ದುಡಿಯುವಾಗ ತನ್ನ ಮೇಲಿರುವ ಕೊಬ್ಬನ್ನು ನೇರವಾಗಿ ಕಿತ್ತು ತಿನ್ನುವುದಿಲ್ಲ. ದೇಹಕ್ಕೆ ಇಂಧನ ಬೇಕಾದಾಗ ಹಾರ್ಮೋನುಗಳ ಸೂಚನೆ ಮೇರೆಗೆ ಬೇರೆ ಬೇರೆ ಭಾಗಗಳ ಕೊಬ್ಬಿನ ಕೋಶಗಳು ಕೊಬ್ಬಿನಾಮ್ಲವನ್ನು ರಕ್ತಕ್ಕೆ ಬಿಡುತ್ತವೆ. ಸ್ನಾಯು ಅದನ್ನು ರಕ್ತದಿಂದ ಪಡೆಯುತ್ತದೆ. ಅಡುಗೆಮನೆಯ ನಲ್ಲಿ ತೆರೆದರೆ ನೀರು ಇಳಿಯುವುದು ಮಹಡಿಯ ಮೇಲಿನ ಟ್ಯಾಂಕಿನಲ್ಲಿ. ಇದೂ ಹಾಗೆಯೇ.

ಇದನ್ನು ತೋಳಿನ ಮೇಲೆಯೇ ಪರೀಕ್ಷಿಸಿದ್ದಾರೆ. 1971ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಟೆನಿಸ್ ಆಟಗಾರರ ಎರಡೂ ಕೈಗಳನ್ನು ಹೋಲಿಸಿದರು. ರಾಕೆಟ್ ಹಿಡಿಯುವ ಕೈಗೆ ವರ್ಷಗಟ್ಟಲೆ ಹೆಚ್ಚು ಕೆಲಸ ಬಿದ್ದಿರುತ್ತದೆ. ಆ ಕೈಯ ಸ್ನಾಯು ದಪ್ಪವಿತ್ತು. ಆದರೆ ಚರ್ಮದಡಿಯ ಕೊಬ್ಬು ಎರಡೂ ಕೈಯಲ್ಲಿ ಹೆಚ್ಚುಕಡಿಮೆ ಒಂದೇ.

2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 104 ಜನರಿಗೆ 12 ವಾರ ಒಂದೇ ತೋಳಿನ ವ್ಯಾಯಾಮ ಮಾಡಿಸಿದರು. ಇನ್ನೊಂದು ತೋಳಿಗೆ ಪೂರ್ತಿ ವಿಶ್ರಾಂತಿ. ಚರ್ಮ ಚಿವುಟಿ ಅಳೆದಾಗ ಗಂಡಸರಲ್ಲಿ ವ್ಯಾಯಾಮದ ತೋಳಿನ ಕೊಬ್ಬು ಕಡಿಮೆಯಾದಂತೆ ಕಂಡಿತು. ಎಂಆರ್‌ಐ ತೆಗೆದು ನೋಡಿದರೆ ಎರಡೂ ತೋಳುಗಳ ಕೊಬ್ಬಿನ ಬದಲಾವಣೆಯಲ್ಲಿ ವ್ಯತ್ಯಾಸವಿರಲಿಲ್ಲ. ಚಿವುಟಿ ಅಳೆಯುವುದೇ ಹೀಗೆ ದಾರಿ ತಪ್ಪಿಸಬಹುದಾದರೆ, ಬೆಳಕು, ಭಂಗಿ, ಫಿಲ್ಟರ್ ಎಲ್ಲ ಬದಲಾಗಿರುವ ‘ಮೊದಲು–ಆಮೇಲೆ’ ಫೋಟೊಗಳನ್ನು ಎಷ್ಟು ನಂಬಬಹುದು?

ತೋಳಿನ ಕೊಬ್ಬು ಇಳಿಯಬೇಕಾದರೆ ಇಡೀ ಮೈಯ ಕೊಬ್ಬು ಇಳಿಯಬೇಕು. ಅದಕ್ಕೆ ಊಟದ ಲೆಕ್ಕಾಚಾರ, ನಡಿಗೆ, ವ್ಯಾಯಾಮ, ನಿದ್ರೆ ಎಲ್ಲವೂ ಬೇಕು, ಸಮಯವೂ ಬೇಕು. ಅಷ್ಟಾದರೂ ಮೊದಲು ಎಲ್ಲಿಂದ ಇಳಿಯಬೇಕೆಂದು ನಾವು ಹೇಳುವಂತಿಲ್ಲ.

ಪ್ರತಿಪಾದನೆ 2: ವ್ಯಾಯಾಮ ಬಿಟ್ಟರೆ ಸ್ನಾಯುವೇ ಕೊಬ್ಬಾಗುತ್ತದೆ

ಇದೂ ತಪ್ಪು. ಸ್ನಾಯುಕೋಶ ಮತ್ತು ಕೊಬ್ಬಿನ ಕೋಶ ಎರಡೂ ಬೇರೆ ಜಾತಿಯವು. ವ್ಯಾಯಾಮ ಬಿಟ್ಟಾಗ ಸ್ನಾಯು ಸೊರಗುತ್ತದೆ. ಊಟ ಮಾತ್ರ ಮೊದಲಿನಷ್ಟೇ ಮುಂದುವರಿದರೆ ಖರ್ಚಾಗದ ಶಕ್ತಿ ಕೊಬ್ಬಾಗಿ ಕೂಡಿಕೊಳ್ಳುತ್ತದೆ. ಎರಡೂ ಒಟ್ಟಿಗೆ ನಡೆಯುವುದರಿಂದ ಒಂದು ಇನ್ನೊಂದಾಯಿತು ಎಂಬ ಭ್ರಮೆ ಹುಟ್ಟುತ್ತದೆ.

ಪ್ರತಿಪಾದನೆ 3: ಹೆಂಗಸರು ಭಾರ ಎತ್ತಿದರೆ ತೋಳು ಗಂಡಸರ ಹಾಗಾಗುತ್ತದೆ

ವಾರಕ್ಕೆ ಎರಡು ಮೂರು ದಿನ ನೀರಿನ ಬಾಟಲಿ ಎತ್ತಿದ ಮಾತ್ರಕ್ಕೆ ಯಾರ ತೋಳೂ ಪೈಲ್ವಾನರ ತೋಳಾಗುವುದಿಲ್ಲ. ಅಂಥ ಗಾತ್ರಕ್ಕೆ ವರ್ಷಗಟ್ಟಲೆ ಭಾರೀ ತರಬೇತಿ ಮತ್ತು ಅದಕ್ಕೆ ತಕ್ಕ ಆಹಾರ ಬೇಕು. ಸ್ನಾಯು ಬೆಳೆಸುವ ಟೆಸ್ಟೋಸ್ಟಿರಾನ್ ಹಾರ್ಮೋನು ಹೆಂಗಸರಲ್ಲಿ ಗಂಡಸರಿಗಿಂತ ತುಂಬಾ ಕಡಿಮೆ. ಈ ಹೆದರಿಕೆಯಿಂದ ವ್ಯಾಯಾಮವನ್ನೇ ಬಿಟ್ಟರೆ ಮುಂದೆ ಮುಪ್ಪಿನಲ್ಲಿ ಬೇಕಾಗುವ ಬಲವನ್ನೇ ಬಿಟ್ಟುಕೊಟ್ಟಂತೆ.

‘ಬೆಳಿಗ್ಗೆ ಎದ್ದರೆ ಕೈ ಬಿದ್ದುಹೋಗಿತ್ತು’: ಇದು ಲಕ್ವವೇ?

ಟ್ರೈಸೆಪ್ಸ್‌ಗೆ ಆಜ್ಞೆ ತಲುಪಿಸುವುದು ರೇಡಿಯಲ್ ನರ. ಕುತ್ತಿಗೆಯಿಂದ ಹೊರಟು, ಕಂಕುಳ ದಾಟಿ, ತೋಳಿನ ಮೂಳೆಯ ಹಿಂಬದಿಯನ್ನು ಬಳಸಿಕೊಂಡು ಇಳಿಯುತ್ತದೆ. ಅಲ್ಲಿ ಅದು ಟ್ರೈಸೆಪ್ಸ್‌ನ ಹೊರ ತಲೆ ಮತ್ತು ಒಳ ತಲೆಗಳ ನಡುವೆ, ಮೂಳೆಗೆ ತೀರಾ ಹತ್ತಿರದಲ್ಲಿ ಸಾಗುತ್ತದೆ. ಆ ಜಾಗದಲ್ಲಿ ತುಂಬಾ ಹೊತ್ತು ಒತ್ತಡ ಬಿದ್ದರೆ ನರ ತಾತ್ಕಾಲಿಕವಾಗಿ ಕೆಲಸ ನಿಲ್ಲಿಸಬಹುದು.

ರಾತ್ರಿ ಬಸ್ಸಿನಲ್ಲಿ ಸೀಟಿನ ಅಂಚಿಗೆ ತೋಳು ಒತ್ತಿಕೊಂಡು ಗಾಢವಾಗಿ ನಿದ್ದೆ ಮಾಡಿದವರಿಗೆ, ಕುಡಿದ ಮತ್ತಿನಲ್ಲಿ ಕುರ್ಚಿಯ ಬೆನ್ನಿನ ಮೇಲೆ ತೋಳು ಹಾಕಿಕೊಂಡು ಮಲಗಿದವರಿಗೆ ಹೀಗಾಗುವುದುಂಟು. ಎದ್ದಾಗ ಮಣಿಕಟ್ಟು ಕೆಳಕ್ಕೆ ಜೋತಿರುತ್ತದೆ. ಅಂಗೈಯನ್ನಾಗಲಿ ಬೆರಳುಗಳನ್ನಾಗಲಿ ಮೇಲೆತ್ತಲು ಬರುವುದಿಲ್ಲ. ಮನೆಯವರು ‘ಲಕ್ವ ಹೊಡೆಯಿತು’ ಎಂದು ಹೆದರುತ್ತಾರೆ.

ಇಲ್ಲಿ ವೈದ್ಯರು ನೋಡುವ ಸುಳಿವುಗಳಲ್ಲಿ ಟ್ರೈಸೆಪ್ಸ್ ಕೂಡ ಒಂದು. ಟ್ರೈಸೆಪ್ಸ್‌ಗೆ ಹೋಗುವ ನರದ ಕವಲುಗಳು ಬಹುಮಟ್ಟಿಗೆ ಮೇಲೆಯೇ ಒಡೆದಿರುತ್ತವೆ. ಹಾಗಾಗಿ ತೋಳಿನ ನಡುವೆ ಒತ್ತಡ ಬಿದ್ದರೆ ಮಣಿಕಟ್ಟು ಬಿದ್ದರೂ ಮೊಣಕೈ ನೆಟ್ಟಗೆ ಮಾಡುವ ಬಲ ಸಾಮಾನ್ಯವಾಗಿ ಉಳಿದಿರುತ್ತದೆ. ಕಂಕುಳಲ್ಲೇ ಒತ್ತಡ ಬಿದ್ದರೆ ಟ್ರೈಸೆಪ್ಸ್ ಸಹ ಸೋಲಬಹುದು. ಕಂಕುಳಿಗೆ ಒತ್ತಿಕೊಳ್ಳುವ ಊರುಗೋಲನ್ನು ತಪ್ಪಾಗಿ ಬಳಸುವವರಲ್ಲಿ ಹೀಗಾಗುತ್ತದೆ. ಊರುಗೋಲಿನ ಮೇಲೆ ಭಾರ ಬೀಳಬೇಕಾದ್ದು ಅಂಗೈಗೆ, ಕಂಕುಳಿಗಲ್ಲ. ಒತ್ತಡದಿಂದ ಬಂದ ಇಂಥ ತೊಂದರೆ ಹೆಚ್ಚಿನವರಲ್ಲಿ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಸರಿಹೋಗುತ್ತದೆ.

ಆದರೆ ದಯವಿಟ್ಟು ಇದನ್ನು ಓದಿಕೊಂಡು ಮನೆಯಲ್ಲೇ ತೀರ್ಮಾನ ಮಾಡಬೇಡಿ. ಸಣ್ಣ ಪಾರ್ಶ್ವವಾಯು ಕೂಡ ಕೆಲವೊಮ್ಮೆ ಕೈಯೊಂದನ್ನೇ ಬಾಧಿಸಬಹುದು. ಕೈ ಇದ್ದಕ್ಕಿದ್ದಂತೆ ಬಲ ಕಳೆದುಕೊಂಡರೆ, ಅದರಲ್ಲೂ ಬಾಯಿ ಸೊಟ್ಟಗಾಗಿದ್ದರೆ, ಮಾತು ತೊದಲಿದರೆ, ಕಾಲೂ ಸೋತಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ ಅಥವಾ ದೊಡ್ಡ ಆಸ್ಪತ್ರೆಗೆ ಹೋಗಿ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗಿನ ಸಮಯ ಮಾತ್ರ ಇರುತ್ತದೆ. ಎಣ್ಣೆ ತಿಕ್ಕುತ್ತಾ ಕೂತರೆ ಆ ಸಮಯ ಕಳೆದುಹೋಗುತ್ತದೆ. ಪರೀಕ್ಷೆ ಮಾಡಿ ‘ಇದು ನರದ ಒತ್ತಡ ಅಷ್ಟೇ’ ಎಂದು ವೈದ್ಯರು ಹೇಳಿದರೆ ನಷ್ಟವೇನಿಲ್ಲ.

ವೈದ್ಯರು ಪುಟ್ಟ ಸುತ್ತಿಗೆಯಿಂದ ಮೊಣಕೈಯ ಹಿಂದೆ ತಟ್ಟುವುದನ್ನು ನೋಡಿದ್ದೀರಾ? ಟ್ರೈಸೆಪ್ಸ್ ಸ್ನಾಯುರಜ್ಜುವನ್ನು ತಟ್ಟಿದಾಗ ಮುಂಗೈ ತಾನಾಗಿ ತುಸು ನೆಟ್ಟಗಾಗಬೇಕು. ಆಗದಿದ್ದರೆ ಕುತ್ತಿಗೆಯ ಏಳನೇ ನರಬೇರಿನ ಮೇಲೆ ಅನುಮಾನ ಬರುತ್ತದೆ. ಕುತ್ತಿಗೆಯ ಡಿಸ್ಕ್ ಜಾರಿ ಆ ನರಬೇರು ಒತ್ತಿಕೊಂಡರೆ ಕುತ್ತಿಗೆಯಿಂದ ತೋಳಿಗೆ ಇಳಿಯುವ ನೋವು, ನಡುಬೆರಳಿನಲ್ಲಿ ಜೋಮು, ತಳ್ಳುವಾಗ ಬಲ ಕಡಿಮೆ ಎನಿಸುವುದು ಕಾಣಿಸಬಹುದು. ಇದನ್ನು ‘ಗ್ಯಾಸ್’ ಎಂದೋ ‘ಉಳುಕು’ ಎಂದೋ ತಿಂಗಳುಗಟ್ಟಲೆ ತಳ್ಳಿಹಾಕಬೇಡಿ.

ಒಂದು ಸ್ನಾಯು ಇದ್ದರೆ, ಇಲ್ಲದಿದ್ದರೆ

ಟ್ರೈಸೆಪ್ಸ್‌ನ ಬೆಲೆ ಚೆನ್ನಾಗಿ ಗೊತ್ತಿರುವುದು ಬೆನ್ನುಹುರಿಗೆ ಪೆಟ್ಟಾದವರಿಗೆ. ಅಪಘಾತದಲ್ಲೋ ಮರದಿಂದ ಬಿದ್ದೋ ಕುತ್ತಿಗೆಯ ಬೆನ್ನುಹುರಿಗೆ ಪೆಟ್ಟು ಬಿದ್ದಾಗ, ಯಾವ ಮಟ್ಟದವರೆಗೆ ನರಗಳು ಕೆಲಸ ಮಾಡುತ್ತಿವೆ ಎಂಬುದನ್ನು ವೈದ್ಯರು ಗುರುತಿಸುತ್ತಾರೆ. ‘ಸಿ6’ ಮಟ್ಟದವರೆಗೆ ಉಳಿದವರು ಮೊಣಕೈ ಮಡಚಬಲ್ಲರು, ಮಣಿಕಟ್ಟು ಎತ್ತಬಲ್ಲರು. ಆದರೆ ಮೊಣಕೈಯನ್ನು ಬಲವಾಗಿ ನೆಟ್ಟಗೆ ಮಾಡಲಾರರು. ಕೈ ಕೆಳಗಿಳಿಸಿದಾಗ ಅದರ ಭಾರಕ್ಕೇ ನೆಟ್ಟಗಾಗುತ್ತದೆ, ಸರಿ. ತಲೆಯ ಮೇಲಿನ ಸ್ವಿಚ್ ಮುಟ್ಟಲು ಹೋದರೆ ಮಡಚಿಕೊಂಡು ಮುಖದ ಮೇಲೆ ಬೀಳುತ್ತದೆ.

ಒಂದೇ ಹೆಜ್ಜೆ ಕೆಳಗೆ, ‘ಸಿ7’ ಮಟ್ಟದವರೆಗೆ ಉಳಿದವರಿಗೆ ಟ್ರೈಸೆಪ್ಸ್ ದಕ್ಕುತ್ತದೆ. ಅವರು ಗಾಲಿಕುರ್ಚಿಯ ಎರಡೂ ಬದಿಗೆ ಅಂಗೈ ಊರಿ ಮೈ ಎತ್ತಬಲ್ಲರು. ಹಾಸಿಗೆಯಿಂದ ಕುರ್ಚಿಗೆ ತಾವೇ ಸರಿಯಬಲ್ಲರು. ಆಗಾಗ ಮೈ ಎತ್ತಿ ಒತ್ತಡ ಇಳಿಸಿ ಹುಣ್ಣಾಗದಂತೆ ನೋಡಿಕೊಳ್ಳಬಲ್ಲರು. ಪ್ರತಿ ಸಲ ಇನ್ನೊಬ್ಬರನ್ನು ಕರೆಯಬೇಕೇ ಬೇಡವೇ ಎಂಬ ಪ್ರಶ್ನೆಗೆ ಉತ್ತರ ಎಷ್ಟೋ ಮಟ್ಟಿಗೆ ಈ ಸ್ನಾಯುವಿನಲ್ಲಿದೆ.

ಇದು ಎಷ್ಟು ಮುಖ್ಯವೆಂದರೆ ಕಳೆದುಹೋದ ಟ್ರೈಸೆಪ್ಸ್‌ಗೆ ಬದಲಿ ಕಟ್ಟಿಕೊಡುವ ಶಸ್ತ್ರಚಿಕಿತ್ಸೆಗಳೇ ಇವೆ. ಸ್ವೀಡನ್‌ನ ಶಸ್ತ್ರಚಿಕಿತ್ಸಕ ಎರಿಕ್ ಮೋಬರ್ಗ್ 1975ರಲ್ಲಿ ಇಂಥದ್ದೊಂದು ವಿಧಾನವನ್ನು ವಿವರಿಸಿದರು. ಭುಜದ ಸ್ನಾಯುವಿನ ಹಿಂಭಾಗವನ್ನು ಟ್ರೈಸೆಪ್ಸ್‌ನ ಸ್ನಾಯುರಜ್ಜುವಿಗೆ ಜೋಡಿಸಿ, ಭುಜದ ಬಲದಿಂದಲೇ ಮೊಣಕೈ ನೆಟ್ಟಗಾಗುವಂತೆ ಮಾಡುವ ಉಪಾಯ ಅದು. ಈ ಶಸ್ತ್ರಚಿಕಿತ್ಸೆ ಇಂದಿಗೂ ಬಳಕೆಯಲ್ಲಿದೆ.

ಮನೆಯ ಹಿರಿಯರಿಗೆ ಇದರಿಂದ ಏನು ಉಪಯೋಗ?

30 ವರ್ಷ ದಾಟಿದ ಮೇಲೆ ಪ್ರತಿ ದಶಕದಲ್ಲಿ ಸ್ನಾಯುವಿನ ಪ್ರಮಾಣ ಸುಮಾರು ಶೇ. 3ರಿಂದ 8ರಷ್ಟು ಇಳಿಯುತ್ತದೆ, 60ರ ನಂತರ ಇಳಿಕೆ ಇನ್ನೂ ಜೋರು. ಕುರ್ಚಿಯಿಂದ ಏಳುವಾಗ ಮುಖ್ಯ ಕೆಲಸ ತೊಡೆ ಮತ್ತು ಪೃಷ್ಠದ ಸ್ನಾಯುಗಳದು. ಅವು ಸೋತಾಗ ನಾವು ಕುರ್ಚಿಯ ಕೈಗಳನ್ನು ಒತ್ತಿ ಏಳುತ್ತೇವೆ. ಆಗ ಕೆಲಸಕ್ಕೆ ಬರುವುದು ಟ್ರೈಸೆಪ್ಸ್. ವಾಕರ್ ಒತ್ತಿ ನಡೆಯುವಾಗ, ಶೌಚಾಲಯದಲ್ಲಿ ಹಿಡಿಕೆ ಒತ್ತಿ ಏಳುವಾಗ, ಮಂಚದ ಮೇಲೆ ಎದ್ದು ಕೂರುವಾಗಲೂ ಅಷ್ಟೇ.

ಆದ್ದರಿಂದ ಇಬ್ಬರಿಗೂ ಬಲ ಬೇಕು, ಕಾಲಿಗೂ ಕೈಗೂ. ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಟ್ರೈಸೆಪ್ಸ್ ಮಟ್ಟಿಗೆ ಮನೆಯಲ್ಲೇ ಮಾಡಬಹುದಾದವು ಇವು:

ಗೋಡೆ ದಂಡ: ಗೋಡೆಯಿಂದ ಒಂದು ತೋಳಳತೆ ದೂರ ನಿಂತು, ಎದೆಯ ಮಟ್ಟಕ್ಕೆ ಅಂಗೈ ಊರಿ, ನಿಧಾನವಾಗಿ ಮೊಣಕೈ ಮಡಚಿ ಗೋಡೆಯತ್ತ ಬಾಗಿ, ಮತ್ತೆ ತಳ್ಳಿ ಹಿಂದಕ್ಕೆ ಬನ್ನಿ. 8ರಿಂದ 10 ಸಲ. ಸುಲಭವಾದ ಮೇಲೆ ಗೋಡೆಯ ಬದಲು ಅಡುಗೆಕಟ್ಟೆ.

ಕುರ್ಚಿ ಒತ್ತು: ಕೈಯಿರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿಡಿ. ಕುಳಿತು, ಕುರ್ಚಿಯ ಕೈಗಳನ್ನು ಒತ್ತಿ ಮೈಯನ್ನು ತುಸು ಎತ್ತಿ, ನಿಧಾನವಾಗಿ ಇಳಿಸಿ. ಪಾದ ನೆಲದ ಮೇಲಿರಲಿ. ಹಗುರ ಪ್ಲಾಸ್ಟಿಕ್ ಕುರ್ಚಿ, ಚಕ್ರದ ಕುರ್ಚಿ ಬೇಡ.

ಬಾಟಲಿ ಎತ್ತು: ಕುಳಿತುಕೊಂಡು, ಒಂದು ಲೀಟರ್ ನೀರಿನ ಬಾಟಲಿಯನ್ನು ಎರಡೂ ಕೈಯಲ್ಲಿ ತಲೆಯ ಹಿಂದೆ ಹಿಡಿದು ಮೇಲಕ್ಕೆ ಎತ್ತಿ, ಇಳಿಸಿ. ಅದು ಸುಮಾರು ಒಂದು ಕೆ.ಜಿ. ಭಾರ. ತೋಳು ಮೇಲಿರುವುದರಿಂದ ಉದ್ದ ತಲೆ ಚೆನ್ನಾಗಿ ಹಿಗ್ಗಿ ಕೆಲಸ ಮಾಡುತ್ತದೆ. ಭುಜದ ನೋವಿರುವವರು ಇದನ್ನು ಬಿಡಿ.

ಎಲ್ಲದರಲ್ಲೂ ಇಳಿಸುವಾಗ ನಿಧಾನ ಮುಖ್ಯ. ಕೈ ಬಿಟ್ಟಂತೆ ಇಳಿಸಿದರೆ ಅರ್ಧ ಲಾಭ ಹೋಯಿತು. ಉಸಿರು ಬಿಗಿಹಿಡಿಯಬೇಡಿ, ಒತ್ತುವಾಗ ಉಸಿರು ಬಿಡಿ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಮೊದಲು ವೈದ್ಯರನ್ನು ಕೇಳಿ. ತೋಳಿನ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಕಂಡರೆ ವ್ಯಾಯಾಮದ ನೋವೆಂದು ಸುಮ್ಮನಿರದೆ ಆಸ್ಪತ್ರೆಗೆ ಹೋಗಿ.

‘7 ದಿನದ ಚಾಲೆಂಜ್’ ಅಪಾಯ ಎಲ್ಲಿದೆ?

ಅಭ್ಯಾಸವಿಲ್ಲದವರು ಮೊದಲ ದಿನವೇ ನೂರಾರು ಪುಷ್‌ಅಪ್ ಹೊಡೆದರೆ ಬರೀ ಮೈಕೈ ನೋವಲ್ಲ, ಸ್ನಾಯುಕೋಶಗಳೇ ಒಡೆದು ಅವುಗಳ ಒಳಗಿನ ಅಂಶ ರಕ್ತಕ್ಕೆ ಸೇರುವ ಅಪಾಯವಿದೆ. ಇದನ್ನು ರಾಬ್ಡೊಮಯೊಲಿಸಿಸ್ ಎನ್ನುತ್ತಾರೆ. ಇದು ಅಪರೂಪ, ಆದರೆ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು. ತೋಳು ವಿಪರೀತ ಊದಿಕೊಂಡು, ಮಡಚಲು ಬಾರದೆ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಹೊಸದಾಗಿ ಶುರು ಮಾಡುವವರು ಕಡಿಮೆಯಿಂದ ಆರಂಭಿಸಿ ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ನಡುವೆ ವಿಶ್ರಾಂತಿಯ ದಿನ ಇಟ್ಟುಕೊಂಡರೆ ಹೆದರಬೇಕಿಲ್ಲ.

ಕೊನೆಯದಾಗಿ

ತೋಳಿನ ಹಿಂಭಾಗದ ಕೊಬ್ಬು ಒಂದೇ ವ್ಯಾಯಾಮದಿಂದ 7 ದಿನದಲ್ಲಿ ಕರಗುತ್ತದೆ ಎಂಬುದು ಸುಳ್ಳು. ಒಂದು ಜಾಗದ ಕೊಬ್ಬನ್ನು ಮಾತ್ರ ಆರಿಸಿ ಕರಗಿಸಲು ವ್ಯಾಯಾಮಕ್ಕೆ ಆಗುವುದಿಲ್ಲ. ಅದೇ ವ್ಯಾಯಾಮವನ್ನು ತಿಂಗಳುಗಟ್ಟಲೆ ಬಿಡದೆ ಮಾಡಿದರೆ ಟ್ರೈಸೆಪ್ಸ್ ಬಲಗೊಳ್ಳುತ್ತದೆ ಎಂಬುದು ನಿಜ.

ಮುಂದಿನ ಸಲ ಇಂಥ ವಿಡಿಯೊ ಬಂದಾಗ ಅಕ್ಕತಂಗಿಯರಿಗೆ ಕಳಿಸುವ ಮೊದಲು ಮನೆಯಲ್ಲಿ ಒಮ್ಮೆ ಸುತ್ತ ನೋಡಿ. ಅಮ್ಮ ಸೋಫಾದಿಂದ ಏಳುವಾಗ ಕೈ ಊರುತ್ತಿದ್ದಾರೆಯೇ? ಊರಿದ ಕೈ ನಡುಗುತ್ತಿದೆಯೇ? ಹೌದಾದರೆ ಫೋನ್ ಪಕ್ಕಕ್ಕಿಟ್ಟು ಅವರ ಜೊತೆ ಗೋಡೆಯ ಮುಂದೆ ನಿಂತು ಹತ್ತು ಗೋಡೆ ದಂಡ ಹೊಡೆಯಿರಿ. ನಿಮಗೂ ಒಳ್ಳೆಯದೇ.